ಕನ್ನಡಿ ಮುಂದೆ ಕುಗ್ಗುವ ಗಂಡಸರಿಗೆ: ಮೈ ಬಗೆಗಿನ ಅಳುಕು ಬಿಡಿಸಿಕೊಳ್ಳುವ 12 ವಾರಗಳ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಜಿಮ್‌ಗಳಲ್ಲಿ ಒಂದೇ ಕಥೆ ಮತ್ತೆ ಮತ್ತೆ ನಡೆಯುತ್ತದೆ. ಮದುವೆ ಗೊತ್ತಾಯಿತು ಎಂದೋ, ಯಾರೋ ‘ಕಡ್ಡಿ ಪೈಲ್ವಾನ್’ ಅಂದರು ಎಂದೋ ಹುಡುಗ ಜಿಮ್ ಸೇರುತ್ತಾನೆ, ಪೌಡರ್ ಡಬ್ಬಿ ತರುತ್ತಾನೆ, ದಿನಕ್ಕೆ ಹತ್ತು ಸಲ ಕನ್ನಡಿ ನೋಡಿಕೊಳ್ಳುತ್ತಾನೆ. ಮೂರನೇ ವಾರಕ್ಕೆ ಏನೂ ಕಾಣಲಿಲ್ಲ ಎಂದು ಬಿಟ್ಟುಬಿಡುತ್ತಾನೆ. ಇನ್ನೊಬ್ಬ ಬಿಡುವುದಿಲ್ಲ. ಅವನ ತೋಳು ದಪ್ಪವಾಗುತ್ತದೆ, ಎದೆ ತುಂಬಿಕೊಳ್ಳುತ್ತದೆ, ಆದರೂ ನಾಲ್ಕು ಜನರೆದುರು ಅಂಗಿ ಬಿಚ್ಚಲು ಅಂಜುತ್ತಾನೆ.

ಇಬ್ಬರೂ ಎಡವಿದ್ದು ಕ್ರಮದಲ್ಲಿ. ಮೈ ಮೊದಲು ಬದಲಾಗಲಿ, ಧೈರ್ಯ ಆಮೇಲೆ ತಾನಾಗಿ ಬರುತ್ತದೆ ಎಂದು ಇಬ್ಬರೂ ನಂಬಿದ್ದರು. ಅಳುಕು ಬೆಳೆಯುವುದು ದಿನವಿಡೀ ಮೈಯನ್ನು ತಪಾಸಣೆ ಮಾಡುವ, ಮುಚ್ಚಿಡುವ ಅಭ್ಯಾಸದಿಂದ. ಆ ಅಭ್ಯಾಸಕ್ಕೆ ಕೈಹಾಕದೆ ಎಷ್ಟು ಭಾರ ಎತ್ತಿದರೂ ಅಳುಕು ಇದ್ದಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ವ್ಯಾಯಾಮ ಐದನೇ ಹಂತದಲ್ಲಿ ಬರುತ್ತದೆ. ದಯವಿಟ್ಟು ಹಾರಿಸಿಕೊಂಡು ಅಲ್ಲಿಗೆ ಹೋಗಬೇಡಿ.

ಬೇಕಾದ ಸಾಮಾನು

ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ದರ್ಜಿಯ ಅಳತೆ ಟೇಪು, ತಲೆಯಿಂದ ಕಾಲಿನವರೆಗೆ ಕಾಣುವ ಕನ್ನಡಿ. ಇಷ್ಟು ಸಾಕು. ದೊಡ್ಡ ಕನ್ನಡಿ ಇಲ್ಲದಿದ್ದರೆ ಬೀರುವಿನ ಬಾಗಿಲಿನದೇ ಆಗುತ್ತದೆ. ತೂಕದ ಯಂತ್ರ ಮನೆಯಲ್ಲಿದ್ದರೆ ಮೊದಲ ನಾಲ್ಕು ವಾರ ಅಟ್ಟಕ್ಕೆ ಹಾಕಿ. ನೀರು, ಉಪ್ಪು, ಹೊಟ್ಟೆಯಲ್ಲಿರುವ ಊಟ ಇವುಗಳಿಂದಲೇ ತೂಕ ಒಂದು ದಿನದಲ್ಲಿ 1ರಿಂದ 2 ಕಿಲೋ ಏರಿಳಿಯುತ್ತದೆ. ಬೆಳಿಗ್ಗೆ ಎದ್ದು ಆ ಅಂಕಿ ನೋಡಿ ಇಡೀ ದಿನದ ಮನಸ್ಸು ಕೆಡಿಸಿಕೊಳ್ಳುವವರೇ ಹೆಚ್ಚು.

ಹಂತ 1: ನಿಮ್ಮ ದೂರು ಯಾವುದು ಎಂದು ಬರೆಯಿರಿ (ಮೊದಲ ದಿನ)

‘ನನ್ನ ಮೈ ಚೆನ್ನಾಗಿಲ್ಲ’ ಎಂದು ಬರೆದರೆ ಉಪಯೋಗವಿಲ್ಲ. ಭಾಗದ ಹೆಸರು ಬರೆಯಿರಿ: ಹೊಟ್ಟೆ, ಎದೆ, ಸಣ್ಣ ಮಣಿಕಟ್ಟು, ಎತ್ತರ, ಬಣ್ಣ, ಉದುರುವ ಕೂದಲು. ಆಮೇಲೆ ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ವೈದ್ಯರಿಗೆ ತೋರಿಸಬೇಕಾದದ್ದು, ಅಭ್ಯಾಸದಿಂದ ಬದಲಾಗುವುದು, ಬದಲಾಗದೇ ಇರುವುದು. ಈ ವಿಂಗಡಣೆ ಮಾಡದವರು ಬದಲಾಗದ್ದಕ್ಕೆ ದುಡ್ಡು ಸುರಿದು, ವೈದ್ಯರಿಗೆ ತೋರಿಸಬೇಕಾದದ್ದನ್ನು ವರ್ಷಗಟ್ಟಲೆ ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳುತ್ತಾರೆ.

ಹೊಟ್ಟೆಯನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುವಿನ ಜಾಗದಲ್ಲಿ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಿ. ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್ ಮುಟ್ಟಿದರೆ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಬೇಕು. ಅದಕ್ಕಿಂತ ಕಡಿಮೆಯಿದ್ದು, ಕೂತಾಗ ಮಡಿಕೆ ಬೀಳುತ್ತದೆ ಎನ್ನುವುದಷ್ಟೇ ದೂರಾದರೆ ಅದು ರೋಗದ ಲಕ್ಷಣವಲ್ಲ. ಕೂತಾಗ ಎಲ್ಲರ ಹೊಟ್ಟೆಯ ಚರ್ಮವೂ ಮಡಚುತ್ತದೆ.

ಎದೆ ಉಬ್ಬಿದೆ ಎನ್ನುವವರು ಮಲಗಿಕೊಂಡು, ಮೊಲೆತೊಟ್ಟಿನ ಎರಡೂ ಕಡೆಯಿಂದ ಬೆರಳು ತಂದು ಮೆಲ್ಲಗೆ ಒತ್ತಿ ನೋಡಿ. ತೊಟ್ಟಿನ ಕೆಳಗೆ ಬಿಲ್ಲೆಯಂತೆ ಗಟ್ಟಿಯಾದದ್ದು ಸಿಕ್ಕರೆ ಅದು ಗೈನೆಕೊಮಾಸ್ಟಿಯಾ, ಅಂದರೆ ಗಂಡಸರಲ್ಲಿ ಸ್ತನದ ಗ್ರಂಥಿ ಬೆಳೆಯುವುದು, ಇರಬಹುದು. ಬರೀ ಮೆತ್ತಗಿದ್ದರೆ ಸಾಮಾನ್ಯವಾಗಿ ಕೊಬ್ಬು. ಹರೆಯದಲ್ಲಿ ಕಾಣಿಸಿಕೊಳ್ಳುವ ಬಿಲ್ಲೆ ಬಹುತೇಕ ಹುಡುಗರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಕರಗುತ್ತದೆ. ಎರಡು ವರ್ಷ ದಾಟಿದರೂ ಉಳಿದಿದ್ದರೆ, ದೊಡ್ಡವರಾದ ಮೇಲೆ ಹೊಸದಾಗಿ ಬಂದಿದ್ದರೆ, ಒಂದೇ ಕಡೆ ಗಂಟಿನಂತಿದ್ದರೆ, ತೊಟ್ಟಿನಿಂದ ದ್ರವ ಬಂದರೆ ವೈದ್ಯರ ಬಳಿ ಹೋಗಿ. ಸೇವಿಸುತ್ತಿರುವ ಮಾತ್ರೆಗಳ ಹೆಸರೂ ಹೇಳಿ, ಕೆಲವು ಔಷಧಗಳಿಂದಲೂ ಇದು ಬರುತ್ತದೆ. ಗಟ್ಟಿ ಬಿಲ್ಲೆ ಪುಷಪ್ಸ್‌ನಿಂದ ಕರಗುವುದಿಲ್ಲ.

ಎತ್ತರದ ವಿಷಯ ಬೇಗ ಮುಗಿಯುತ್ತದೆ. ಹರೆಯ ಮುಗಿದು ಮೂಳೆಗಳ ತುದಿ ಕೂಡಿಕೊಂಡ ಮೇಲೆ ಯಾವ ಪುಡಿಯೂ, ಜೋತುಬೀಳುವ ಯಾವ ಕಸರತ್ತೂ ಎತ್ತರ ಕೊಡುವುದಿಲ್ಲ. ಆ ಸಾಲಿನ ಮುಂದೆ ‘ಬದಲಾಗದು’ ಎಂದು ಬರೆದು ಮುಂದೆ ಹೋಗಿ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ವೈದ್ಯರ ಚೀಟಿ ಇಲ್ಲದೆ ಕೈಗಿಡುವ ಬಿಳುಪಿನ ಕ್ರೀಮುಗಳಲ್ಲಿ ಹಲವದರಲ್ಲಿ ಬೆಟಾಮೆಥಾಸೋನ್, ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ಮೊದಲ ಕೆಲವು ವಾರ ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಏಳುತ್ತದೆ. ಹಚ್ಚುವುದು ಬಿಟ್ಟರೆ ಉರಿ ಇನ್ನೂ ಜಾಸ್ತಿಯಾಗುತ್ತದೆ. ಟ್ಯೂಬಿನ ಮೇಲೆ ಈ ಹೆಸರುಗಳಿದ್ದರೆ ಚರ್ಮವೈದ್ಯರಿಗೆ ತೋರಿಸಿಯೇ ನಿಲ್ಲಿಸಿ.

ಹಂತ 2: ಏಳು ದಿನ ಎಣಿಸಿ, ಆಮೇಲೆ ಕತ್ತರಿಸಿ (ವಾರ 1 ಮತ್ತು 2)

ಮೊದಲ ವಾರ ಏನನ್ನೂ ಬದಲಿಸಬೇಡಿ, ಎಣಿಸಿ ಸಾಕು. ಪುಟದಲ್ಲಿ ಎರಡು ಕಾಲಂ ಹಾಕಿ. ಎಡಗಡೆ ತಪಾಸಣೆ: ಬೈಕಿನ ಕನ್ನಡಿಯಲ್ಲಿ, ಅಂಗಡಿ ಗಾಜಿನಲ್ಲಿ ನೋಡಿಕೊಳ್ಳುವುದು, ಹೊಟ್ಟೆ ಹಿಂಡಿ ನೋಡುವುದು, ಬೆರಳಿನಿಂದ ಮಣಿಕಟ್ಟು ಸುತ್ತಿ ಅಳೆಯುವುದು, ತೋಳು ಮಡಚಿ ಫೋಟೋ ತೆಗೆದು ಅಳಿಸುವುದು, ಪಕ್ಕದವನ ಭುಜಕ್ಕೆ ಹೋಲಿಸುವುದು, ‘ನಾನು ಸೊರಗಿದೀನಾ?’ ಎಂದು ಮನೆಯವರನ್ನು ಕೇಳುವುದು. ಬಲಗಡೆ ಮುಚ್ಚಿಡುವುದು: ಬೇಸಿಗೆಯಲ್ಲೂ ಜಾಕೆಟ್, ಎದೆ ಮೇಲೆ ಕೈಕಟ್ಟು, ಹೊಟ್ಟೆಯ ಮೇಲೆ ಬ್ಯಾಗು, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು, ಅಂಗಿಯೊಳಗೆ ಬಿಗಿಯಾದ ಎರಡು ಬನಿಯನ್. ನಡೆದಾಗಲೆಲ್ಲ ಒಂದು ಗೆರೆ ಎಳೆಯಿರಿ.

ಎರಡನೇ ವಾರ ಎಡಗಡೆಯ ಕಾಲಂನಲ್ಲಿ ಅತಿ ಹೆಚ್ಚು ಗೆರೆ ಬಿದ್ದದ್ದನ್ನು ಮಾತ್ರ ಹಿಡಿಯಿರಿ. ನೋಡಬೇಕು ಅನ್ನಿಸಿದಾಗ 15 ನಿಮಿಷ ಮುಂದೂಡಿ. ತುಡಿತ ಏರಿ, ಸ್ವಲ್ಪ ಹೊತ್ತು ನಿಂತು, ತಾನಾಗಿ ಇಳಿಯುತ್ತದೆ. ಇಳಿಯುವುದನ್ನು ಒಮ್ಮೆ ನೀವೇ ಕಂಡುಕೊಂಡರೆ ಎರಡನೇ ಸಲ ಸುಲಭ. ವಾರಕ್ಕೆ ಅರ್ಧದಷ್ಟು ಕಡಿಮೆ ಮಾಡುತ್ತ ಬನ್ನಿ: ಇಪ್ಪತ್ತಿದ್ದರೆ ಹತ್ತು, ಹತ್ತಿದ್ದರೆ ಐದು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಮನೆಯ ಕನ್ನಡಿಗೆಲ್ಲ ಬಟ್ಟೆ ಮುಚ್ಚಿ ಪೂರ್ತಿ ನಿಲ್ಲಿಸಿಬಿಡುವುದು. ಅದೂ ಅಡಗಿಕೊಳ್ಳುವ ಇನ್ನೊಂದು ದಾರಿಯೇ. ನಾಲ್ಕು ದಿನ ಬಿಟ್ಟು ಒಮ್ಮೆ ನೋಡಿದಾಗ ಆಘಾತ ಇಮ್ಮಡಿಯಾಗುತ್ತದೆ. ಕ್ಷೌರ ಮಾಡಿಕೊಳ್ಳಲು, ತಲೆ ಬಾಚಲು ಕನ್ನಡಿ ಬೇಕೇಬೇಕು. ಅಷ್ಟಕ್ಕೆ ಬಳಸಿ.

ಫೋನಿನ ಮುಂದಿನ ಕ್ಯಾಮೆರಾ ಸುಳ್ಳು ಹೇಳುತ್ತದೆ ಎಂಬುದೂ ತಿಳಿದಿರಲಿ. ಕೈಯಳತೆಯ ದೂರದಿಂದ ತೆಗೆದಾಗ ಹತ್ತಿರವಿರುವ ಮೂಗು ದೊಡ್ಡದಾಗಿ, ದೂರದ ಕಿವಿ ಚಿಕ್ಕದಾಗಿ ಕಾಣುತ್ತದೆ. ಐದಡಿ ದೂರ ನಿಂತು ಬೇರೆಯವರ ಕೈಲಿ ತೆಗೆಸಿದರೆ ಮುಖದ ಅಳತೆ ನಿಜಕ್ಕೆ ಹತ್ತಿರ ಬರುತ್ತದೆ.

ಹಂತ 3: ಕನ್ನಡಿ ನೋಡುವ ಸರಿಯಾದ ರೀತಿ (ವಾರ 3 ಮತ್ತು 4)

ಮನೋವೈದ್ಯರು, ಆಪ್ತಸಮಾಲೋಚಕರು ಕಲಿಸುವ ಅಭ್ಯಾಸ ಇದು. ದಿನಕ್ಕೆ ಒಂದೇ ಸಲ, 5 ನಿಮಿಷ.

ಹಗಲು ಬೆಳಕಿರುವಾಗ ಕನ್ನಡಿಯಿಂದ ಮೂರಡಿ ದೂರ ನಿಲ್ಲಿ. ಮೊದಲ ಮೂರು ದಿನ ದಿನಬಳಕೆಯ ಬಟ್ಟೆ, ಆಮೇಲೆ ಬನಿಯನ್, ಈ ಹಂತದ ಎರಡನೇ ವಾರ ಬರೀ ಚಡ್ಡಿ. ತಲೆಯಿಂದ ಶುರುಮಾಡಿ ಪಾದದವರೆಗೆ ಇಳಿಯಿರಿ. ಕಂಡದ್ದನ್ನು ಗಟ್ಟಿಯಾಗಿ ಹೇಳಿ, ಆದರೆ ಬಣ್ಣ, ಆಕಾರ, ಅಳತೆ ಮಾತ್ರ. ‘ಭುಜ ಇಳಿಜಾರಾಗಿದೆ. ಎಡ ಭುಜ ಬಲಕ್ಕಿಂತ ಒಂದಿಷ್ಟು ಕೆಳಗಿದೆ. ಎದೆಯ ಮೇಲೆ ಕಪ್ಪು ಕೂದಲಿದೆ. ಹೊಕ್ಕುಳಿನ ಸುತ್ತ ಹೊಟ್ಟೆ ದುಂಡಗಿದೆ. ಮಂಡಿಯ ಮೇಲೆ ಹಳೆಯ ಗಾಯದ ಗುರುತಿದೆ.’ ಅಸಹ್ಯ, ಥೂ, ಹೆಣ್ಣಿಗನಂತೆ ಎಂಬ ಮಾತು ಬಂದರೆ ನಿಲ್ಲಿಸಿ, ಅದೇ ಭಾಗವನ್ನು ಮತ್ತೊಮ್ಮೆ ತೀರ್ಪಿಲ್ಲದೆ ಹೇಳಿ. ಪ್ರತಿ ಭಾಗಕ್ಕೂ ಸಮಾನ ಹೊತ್ತು ಕೊಡಿ. ಮನಸ್ಸು ಹೊಟ್ಟೆಯ ಹತ್ತಿರವೇ ನಿಂತುಬಿಡುತ್ತದೆ. ಅದನ್ನು ಮೊಣಕಾಲಿಗೆ, ಪಾದಕ್ಕೆ ಎಳೆದು ತರುವುದೇ ಇಲ್ಲಿಯ ಕೆಲಸ. ಮೈ ಬಗ್ಗೆ ಅಳುಕಿರುವವರು ಒಂದು ಚುಕ್ಕೆಯನ್ನು ಮಾತ್ರ ನೋಡಿ ಇಡೀ ಮೈ ನೋಡಿದೆ ಎಂದುಕೊಳ್ಳುತ್ತಾರೆ.

ಕೆಡುವುದು ಎಲ್ಲೆಲ್ಲಿ? ಅರ್ಧ ಅಡಿ ಹತ್ತಿರ ಹೋಗಿ ನೋಡಿದರೆ ಚರ್ಮದ ರಂಧ್ರವೂ ದೋಷವಾಗಿ ಕಾಣುತ್ತದೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಕೆಳಗೆ ನಿಂತರೆ ಕಣ್ಣಿನಡಿ, ಎದೆಯಡಿ ನೆರಳು ಬೀಳುತ್ತದೆ. ವ್ಯಾಯಾಮ ಮುಗಿದ ಕೂಡಲೇ ನೋಡಿದರೆ ರಕ್ತ ತುಂಬಿ ಸ್ನಾಯು ಉಬ್ಬಿರುತ್ತದೆ, ಸಂಜೆ ಅದು ಇಳಿದಾಗ ನಿರಾಸೆ. ಇನ್ನು ಕೆಲವರು ‘ನಾನು ಸುಂದರ, ನಾನು ಬಲಶಾಲಿ’ ಎಂದು ಜಪ ಮಾಡುತ್ತಾರೆ. ನಂಬಿಕೆಯಿಲ್ಲದ ಮಾತನ್ನು ಮನಸ್ಸು ತಿರುಗಿ ವಾದಿಸುತ್ತದೆ. ಹೊಗಳಿಕೆ ಬೇಡ, ಬೈಗುಳವೂ ಬೇಡ.

ಹಂತ 4: ಮುಚ್ಚಿಡುವುದನ್ನು ಬಿಡುವ ಏಣಿ (ವಾರ 4ರಿಂದ ಕೊನೆಯವರೆಗೆ)

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ಎರಡನೇ ಹಂತದ ಬಲಗಡೆ ಕಾಲಂ ತೆರೆದು, ನೀವು ತಪ್ಪಿಸಿಕೊಳ್ಳುವ ಸಂದರ್ಭಗಳನ್ನು ಬರೆದು, ಪ್ರತಿಯೊಂದಕ್ಕೂ 0ರಿಂದ 100ರೊಳಗೆ ಅಂಜಿಕೆಯ ಅಂಕ ಕೊಡಿ. ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ದಾವಣಗೆರೆಯವನೊಬ್ಬನ ಏಣಿ ಹೀಗಿರಬಹುದು:

20 – ಮನೆಯಲ್ಲಿ, ಅಣ್ಣತಮ್ಮಂದಿರು ಇರುವಾಗ ಬನಿಯನ್‌ನಲ್ಲಿ ಅರ್ಧ ಗಂಟೆ ಕೂರುವುದು.
30 – ಜಾಕೆಟ್ ಇಲ್ಲದೆ ಕಿರಾಣಿ ಅಂಗಡಿಗೆ ಹೋಗಿಬರುವುದು.
45 – ಬೆಳಿಗ್ಗೆ ಜನ ತುಂಬಿರುವ ಹೊತ್ತಿನಲ್ಲೇ ಟೀ ಶರ್ಟ್ ಹಾಕಿ ಕುಂದವಾಡ ಕೆರೆ ಏರಿಯ ಮೇಲೆ ನಡೆಯುವುದು.
55 – ಗೆಳೆಯರ ಜೊತೆ ಮಂಡಕ್ಕಿ, ಮೆಣಸಿನಕಾಯಿ ತಿನ್ನಲು ಹೋಗಿ, ಮೂಲೆ ಬಿಟ್ಟು ನಡುವೆ ಕೂತು, ಹೊಟ್ಟೆ ಒಳಗೆಳೆದುಕೊಳ್ಳದೆ ತಿನ್ನುವುದು.
65 – ಮದುವೆಮನೆಯ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲು, ಇನ್ನೊಂದು ತೆಗಿ ಎಂದು ಕೇಳದೆ.
80 – ಈಜುಕೊಳದಲ್ಲಿ ಅಥವಾ ಗರಡಿಮನೆಯಲ್ಲಿ ಅಂಗಿ ಬಿಚ್ಚುವುದು.

ಚಿತ್ರದುರ್ಗದವರಿಗೆ ಚಂದ್ರವಳ್ಳಿಯ ಬೆಳಗಿನ ನಡಿಗೆ, ಭಾನುವಾರ ಪ್ರವಾಸಿಗರು ತುಂಬಿರುವಾಗ ತೋಳು ಕಾಣುವ ಅಂಗಿಯಲ್ಲಿ ಕೋಟೆ ಹತ್ತುವುದು ನಡುವಿನ ಮೆಟ್ಟಿಲುಗಳಾಗಬಹುದು. ಈಜು ಬಾರದವರು ಧೈರ್ಯ ತೋರಿಸಲು ಭದ್ರಾ ನಾಲೆಗೆ ಇಳಿಯಬೇಡಿ. ಅಲ್ಲಿ ಸೆಳೆತ ಮೇಲಿನಿಂದ ಕಾಣುವುದಿಲ್ಲ.

ಹೋಗುವ ಮೊದಲು ಒಂದು ಸಾಲು ಬರೆಯಿರಿ: ಏನಾಗುತ್ತದೆ ಎಂದು ಹೆದರಿದ್ದೀರಿ? ‘ಎಲ್ಲರೂ ನನ್ನ ಎದೆಯನ್ನೇ ನೋಡುತ್ತಾರೆ, ಯಾರಾದರೂ ನಗುತ್ತಾರೆ.’ ಅಂಜಿಕೆಯ ಅಂಕ ಅರ್ಧಕ್ಕಿಳಿಯುವ ತನಕ ಅಲ್ಲೇ ಇರಿ, ಸಾಮಾನ್ಯವಾಗಿ 30ರಿಂದ 45 ನಿಮಿಷ ಹಿಡಿಯುತ್ತದೆ. ಬಂದ ಮೇಲೆ ನಿಜವಾಗಿ ಏನಾಯಿತು ಎಂದು ಕೆಳಗೆ ಬರೆಯಿರಿ. ಒಂದು ಮೆಟ್ಟಿಲನ್ನು ಬೇರೆ ಬೇರೆ ದಿನ ಕನಿಷ್ಠ ಮೂರು ಸಲ ಮಾಡಿ ಮುಂದಿನದಕ್ಕೆ ಹೋಗಿ.

ಐದು ನಿಮಿಷಕ್ಕೇ ಓಡಿಬಂದರೆ ಅಂಜಿಕೆ ಬಲವಾಗುತ್ತದೆ, ಏಕೆಂದರೆ ಓಡಿದ್ದರಿಂದಲೇ ಉಳಿದೆ ಎಂದು ಮನಸ್ಸು ಕಲಿಯುತ್ತದೆ. ಕೈಕಟ್ಟಿಕೊಂಡು, ಉಸಿರು ಬಿಗಿಹಿಡಿದು ನಿಂತರೂ ಅಷ್ಟೇ ಫಲ. ಎದೆಯ ಮೇಲಿಂದ ಕೈ ಇಳಿಸಿ ನಿಲ್ಲಿ. ಯಾರಾದರೂ ನಿಜವಾಗಿ ಏನಾದರೂ ಅಂದರೆ? ಅದೂ ಆಗುತ್ತದೆ, ಅದಕ್ಕೆ ಆರನೇ ಹಂತ ಇದೆ.

ಬಟ್ಟೆಯ ವಿಷಯ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಸಣ್ಣಗಾದಾಗ ಹಾಕುತ್ತೇನೆ ಎಂದು ಇಟ್ಟುಕೊಂಡ ಪ್ಯಾಂಟನ್ನು ಬೀರುವಿನಿಂದ ತೆಗೆಯಿರಿ. ಇವತ್ತಿನ ಅಳತೆಗೆ ಎರಡು ಅಂಗಿ ಹೊಲಿಸಿ. ಭುಜದ ಹೊಲಿಗೆ ಭುಜದ ಮೂಳೆಯ ತುದಿಗೆ ಸರಿಯಾಗಿ ಕೂರಬೇಕು, ಗುಂಡಿ ಹಾಕಿದಾಗ ಹೊಟ್ಟೆಯ ಹತ್ತಿರ ಬಟ್ಟೆ ಎಳೆಯಬಾರದು. ದೊಗಲೆ ಅಂಗಿ ದಪ್ಪಗಿರುವವರನ್ನು ಇನ್ನೂ ದಪ್ಪ, ತೆಳ್ಳಗಿರುವವರನ್ನು ಇನ್ನೂ ತೆಳ್ಳಗೆ ತೋರಿಸುತ್ತದೆ.

ಹಂತ 5: ವ್ಯಾಯಾಮ ಮತ್ತು ಊಟ (ವಾರ 5ರಿಂದ)

ವಾರಕ್ಕೆ ಮೂರು ದಿನ, 45 ನಿಮಿಷ. ಬೈಠಕ್ ಅಥವಾ ಸ್ಕ್ವಾಟ್, ದಂಡ ಅಥವಾ ಪುಷಪ್ಸ್, ಡಂಬಲ್ ಅಥವಾ ಮರಳು ತುಂಬಿದ ಚೀಲ ಎಳೆಯುವ ರೋಯಿಂಗ್, ಬಗ್ಗಿ ಭಾರ ಎತ್ತುವ ಡೆಡ್‌ಲಿಫ್ಟ್, ಕೊನೆಗೆ ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವ ಪ್ಲ್ಯಾಂಕ್. ಪ್ರತಿಯೊಂದೂ ಮೂರು ಸುತ್ತು, ಸುತ್ತಿಗೆ 8ರಿಂದ 12 ಸಲ. ಪ್ಲ್ಯಾಂಕ್ ಮಾತ್ರ ಸುತ್ತಿಗೆ 20ರಿಂದ 40 ಸೆಕೆಂಡ್. ಸುತ್ತಿನ ಕೊನೆಗೆ ಇನ್ನೂ ಎರಡು ಮಾಡಬಹುದಿತ್ತು ಅನ್ನಿಸುವಲ್ಲಿ ನಿಲ್ಲಿಸಿ. 12 ಸಲ ಹಗುರವಾದರೆ ಮುಂದಿನ ಬಾರಿ 2.5 ಕಿಲೋ ಸೇರಿಸಿ. ಏಪ್ರಿಲ್, ಮೇ ಬಿಸಿಲಿನಲ್ಲಿ ತಗಡಿನ ಸೂರಿನ ಜಿಮ್‌ಗೆ ಮಧ್ಯಾಹ್ನ ಹೋಗಬೇಡಿ.

ನೋಟ್‌ಬುಕ್ಕಿನಲ್ಲಿ ತೋಳಿನ ಸುತ್ತಳತೆ ಬರೆಯಬೇಡಿ. ಎಷ್ಟು ಭಾರ, ಎಷ್ಟು ಸಲ, ಮೂರು ಮಹಡಿ ಹತ್ತಿದಾಗ ಏದುಸಿರು ಬಂತೇ, ನಿದ್ದೆ ಹೇಗಿತ್ತು, ಇವನ್ನು ಬರೆಯಿರಿ. ಇದಕ್ಕೆ ಕಾರಣವಿದೆ. ಮೊದಲ ಆರೆಂಟು ವಾರ ಶಕ್ತಿ ಹೆಚ್ಚುವುದು ಮುಖ್ಯವಾಗಿ ನರಗಳು ಸ್ನಾಯುವನ್ನು ದುಡಿಸಲು ಕಲಿಯುವುದರಿಂದ. ಎತ್ತುವ ಭಾರ ಏರುತ್ತಿರುತ್ತದೆ, ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ. ಮೂರನೇ ವಾರಕ್ಕೆ ಬಿಡುವವರು ಸೋಲುವುದು ಇಲ್ಲೇ, ತಪ್ಪು ಜಾಗದಲ್ಲಿ ಫಲ ಹುಡುಕಿ. ಚೆನ್ನಾಗಿ ಉಂಡು ವ್ಯಾಯಾಮ ಮಾಡುವ ಹೊಸಬನಿಗೂ ತಿಂಗಳಿಗೆ ಅರ್ಧದಿಂದ ಒಂದು ಕಿಲೋ ಸ್ನಾಯು ಸೇರಿದರೆ ಅದೇ ದೊಡ್ಡದು. ತಿಂಗಳಿಗೆ ಐದು ಕಿಲೋ ಸ್ನಾಯು ಎಂದು ಯಾರಾದರೂ ಹೇಳಿದರೆ ಅದು ನೀರು, ಕೊಬ್ಬು ಅಥವಾ ಸೂಜಿಯ ಮಾತು.

ಪ್ರೋಟೀನ್ ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.6 ಗ್ರಾಂ ಸಾಕು. 65 ಕಿಲೋ ಇರುವವನಿಗೆ ಸುಮಾರು 90 ಗ್ರಾಂ. ಮೂರು ಮೊಟ್ಟೆಯಿಂದ 18, ಅರ್ಧ ಲೀಟರ್ ಹಾಲಿನಿಂದ 16, ಚಳ್ಳಕೆರೆ ಸೀಮೆಯ ಶೇಂಗಾ 50 ಗ್ರಾಂನಿಂದ 12, ಸಾರಿಗೋ ಪಲ್ಯಕ್ಕೋ ಹಾಕಿದ 60 ಗ್ರಾಂ ಬೇಳೆಕಾಳಿನಿಂದ 13, ಒಂದು ಬಟ್ಟಲು ಮೊಸರಿನಿಂದ 7, ದಿನದ ಮುದ್ದೆ, ರೊಟ್ಟಿ, ಅನ್ನದಿಂದ ಸುಮಾರು 25. ಲೆಕ್ಕ ಮುಗಿಯಿತು. ಮೊಟ್ಟೆ ತಿನ್ನದವರು 35 ಗ್ರಾಂ ಸೋಯಾ ಚಂಕ್ಸ್ ಅಥವಾ 100 ಗ್ರಾಂ ಪನೀರ್ ಇಟ್ಟುಕೊಳ್ಳಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು. ಬೆಣ್ಣೆದೋಸೆ ಬಿಡಬೇಕಾಗಿಲ್ಲ. ವಾರಕ್ಕೊಮ್ಮೆ ಗೆಳೆಯರ ಜೊತೆ ತಿಂದ ದೋಸೆ ಯಾರ ಮೈಯನ್ನೂ ಕೆಡಿಸಿಲ್ಲ; ಡಯಟ್ ಎಂದು ಆ ಗೆಳೆಯರನ್ನೇ ಬಿಟ್ಟು ಕೂತವರ ಅಳುಕು ಹೆಚ್ಚಿದೆ.

ಸೂಜಿ, ಮಾತ್ರೆ, ಡಬ್ಬಿ: ಇಲ್ಲಿ ನಿಂತು ಓದಿ

ಟೆಸ್ಟೊಸ್ಟೆರಾನ್, ನಾಂಡ್ರೊಲೋನ್, ಸ್ಟ್ಯಾನೊಜೊಲಾಲ್ ಇವು ಸ್ನಾಯು ಬೆಳೆಸಲು ಸೂಜಿ, ಮಾತ್ರೆಯಾಗಿ ತೆಗೆದುಕೊಳ್ಳುವ ಗಂಡು ಹಾರ್ಮೋನಿನ ಸ್ಟೀರಾಯ್ಡ್‌ಗಳು. ಇವು ಹೊರಗಿನಿಂದ ಬಂದಾಗ ಮಿದುಳು ವೃಷಣಕ್ಕೆ ಕಳಿಸುವ ಸೂಚನೆ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತದೆ, ಕೆಲವರಲ್ಲಿ ಪೂರ್ತಿ ನಿಲ್ಲುತ್ತದೆ. ಹೆಚ್ಚಾದ ಟೆಸ್ಟೊಸ್ಟೆರಾನಿನ ಒಂದು ಭಾಗ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಆಗಿ ತಿರುಗಿ ಎದೆಯ ಬಿಲ್ಲೆ ಬೆಳೆಸಬಹುದು. ಎದೆ ಉಬ್ಬಿದೆ ಎಂದು ನಾಚಿದವನಿಗೇ ಅದು ಬರಬಹುದು. ಹೃದಯದ ಸ್ನಾಯು ದಪ್ಪವಾಗಬಹುದು, ಒಳ್ಳೆಯ ಕೊಲೆಸ್ಟ್ರಾಲ್ ಬೀಳುತ್ತದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಗುಟ್ಟಾಗಿ ಒಮ್ಮೆಲೇ ಬಿಡಬೇಡಿ. ಬಿಟ್ಟ ವಾರಗಳಲ್ಲಿ ತೀವ್ರ ಖಿನ್ನತೆ, ಸಾಯುವ ಯೋಚನೆ ಬರಬಹುದು. ಹಾರ್ಮೋನ್ ತಜ್ಞರಿಗೆ ಔಷಧದ ಹೆಸರು, ಪ್ರಮಾಣ, ಎಷ್ಟು ತಿಂಗಳು ಎಂಬುದನ್ನು ಮುಚ್ಚಿಡದೆ ಹೇಳಿ.

ತೆಳ್ಳಗಿರುವ ಹುಡುಗರಿಗೆ ಇನ್ನೊಂದು ಅಪಾಯ ‘ದಪ್ಪ ಆಗುವ ಮಾತ್ರೆ’. ಬಿಡಿಯಾಗಿ ಪೊಟ್ಟಣದಲ್ಲಿ ಕೊಡುವ ಇವುಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇರಬಹುದು. ಕೆನ್ನೆ ಊದುವುದು, ಹೊಟ್ಟೆ ಬರುವುದು, ತೊಡೆಯಲ್ಲಿ ನೇರಳೆ ಗೆರೆ, ಸಕ್ಕರೆ ಏರುವುದು ಇದರ ಗುರುತು. ತಿಂಗಳುಗಟ್ಟಲೆ ತಿಂದು ತಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು. ವೈದ್ಯರ ಉಸ್ತುವಾರಿಯಲ್ಲೇ ಇಳಿಸಬೇಕು.

ಪ್ರೋಟೀನ್ ಪೌಡರ್ ಕೊಳ್ಳಲೇಬೇಕೆಂದರೆ ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ಪರವಾನಗಿ ಸಂಖ್ಯೆ, ಬಾಯಿಯ ಸೀಲು, ಬಿಲ್ಲು ನೋಡಿ ಕೊಳ್ಳಿ. ಲೇಬಲ್ ಇಲ್ಲದ ಪ್ಲಾಸ್ಟಿಕ್ ಚೀಲದ ಪುಡಿ ಬೇಡ.

ಹಂತ 6: ಬಾಯಿಗೆ ಬಂದಂತೆ ಆಡುವವರಿಗೆ ಉತ್ತರ

ಡುಮ್ಮ, ಕಡ್ಡಿ, ಕುಳ್ಳ, ಬೋಡ, ಕರಿಯ. ಜಾತ್ರೆಯಲ್ಲಿ, ಮದುವೆಮನೆಯಲ್ಲಿ ಇವು ಪ್ರೀತಿಯ ಹೆಸರಲ್ಲೇ ಬರುತ್ತವೆ. ಮಾತು ಮನೆಯಲ್ಲೇ ತಯಾರು ಮಾಡಿಕೊಂಡು ಹೋಗಿ. ದೂರದ ನೆಂಟರಿಗೆ: ‘ಹೌದು, ಹಿಂಗೇ ಇದೀನಿ. ನಿಮ್ಮ ಕಡೆ ಮಳೆ ಹೆಂಗೆ?’ ಮತ್ತೆ ಕೆದಕಿದರೆ ಅದೇ ಮಾತು, ಅದೇ ದನಿಯಲ್ಲಿ. ಗೆಳೆಯನಾದರೆ ಗುಂಪಿನಲ್ಲಿ ಬೇಡ, ಒಬ್ಬನೇ ಸಿಕ್ಕಾಗ: ‘ನೀನು ತಮಾಷೆಗೆ ಅಂತೀಯ, ನನಗೆ ರಾತ್ರಿ ನಿದ್ದೆ ಬರಲ್ಲ. ಆ ಹೆಸರು ಬಿಡು.’ ನಿಮ್ಮನ್ನು ನೀವೇ ಮೊದಲು ಗೇಲಿ ಮಾಡಿಕೊಂಡು ತಪ್ಪಿಸಿಕೊಳ್ಳುವ ಅಭ್ಯಾಸ ಅನೇಕ ಗಂಡಸರಿಗಿದೆ. ಅದು ಉಳಿದವರಿಗೂ ಪರವಾನಗಿ ಕೊಟ್ಟಂತೆ. ನಿಲ್ಲಿಸಿ.

ಹೆಣ್ಣು ನೋಡಲು ಹೋಗುವ ವಯಸ್ಸಿನ ಮಗನಿಗೆ ‘ಸ್ವಲ್ಪ ಮೈ ಹಿಡಿಯೋ’ ಎನ್ನುವ ಅಪ್ಪಂದಿರೂ ಇದನ್ನು ಓದಲಿ. ಆ ಒಂದು ಮಾತು ಅವನನ್ನು ಆ ಮಾತ್ರೆಗಳ ಪೊಟ್ಟಣದ ತನಕ ಕರೆದೊಯ್ಯಬಹುದು.

ಹಂತ 7: ಯಾವಾಗ ವೈದ್ಯರ ಬಳಿ ಹೋಗಬೇಕು

ಮೈಯ ಒಂದು ಭಾಗದ ಯೋಚನೆಯಲ್ಲಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೋಗುತ್ತಿದ್ದರೆ, ಅದಕ್ಕಾಗಿ ಕಾಲೇಜು, ಕೆಲಸ, ಸಮಾರಂಭ ತಪ್ಪಿಸುತ್ತಿದ್ದರೆ, ಉಂಡದ್ದನ್ನು ವಾಂತಿ ಮಾಡುತ್ತಿದ್ದರೆ, ಜ್ವರದಲ್ಲೂ, ಕೀಲು ಊದಿದ್ದರೂ ವ್ಯಾಯಾಮ ಬಿಡಲಾಗದಿದ್ದರೆ, ನೋಡಿದವರೆಲ್ಲ ಗಟ್ಟಿಮುಟ್ಟಾಗಿದ್ದೀಯ ಎಂದರೂ ನಿಮಗೆ ಮಾತ್ರ ಸಣಕಲಾಗಿಯೇ ಕಂಡರೆ ಇದು ಒಬ್ಬರೇ ದಾಟುವ ಹೊಳೆಯಲ್ಲ. ವಾಂತಿ ಮಾಡುವುದು ಊಟಕ್ಕೆ ಸಂಬಂಧಿಸಿದ ಕಾಯಿಲೆಯ ಲಕ್ಷಣವಿರಬಹುದು. ಉಳಿದವು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ಅಂದರೆ ಇಲ್ಲದ ಅಥವಾ ಸಣ್ಣ ದೋಷವೇ ದೊಡ್ಡದಾಗಿ ಕಾಡುವ ಕಾಯಿಲೆ, ಇರಬಹುದು. ಕಟ್ಟುಮಸ್ತಾಗಿದ್ದರೂ ಸಾಲದು ಎನ್ನಿಸುವುದಕ್ಕೆ ಮಸಲ್ ಡಿಸ್ಮಾರ್ಫಿಯಾ ಎನ್ನುತ್ತಾರೆ, ಅದು ಹೆಚ್ಚಾಗಿ ಗಂಡಸರಲ್ಲೇ ಕಾಣುತ್ತದೆ. ಪ್ಲಾಸ್ಟಿಕ್ ಸರ್ಜರಿಯಿಂದ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ, ದೂರು ಇನ್ನೊಂದು ಭಾಗಕ್ಕೆ ಜಿಗಿಯಬಹುದು.

ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. ತಾಲೂಕಿನವರು ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಬರುವ ದಿನ ಯಾವುದು ಎಂದು ವಿಚಾರಿಸಿ. ನೋಟ್‌ಬುಕ್ ಜೊತೆಗೆ ಒಯ್ಯಿರಿ. ಎರಡನೇ ಹಂತದ ಗೆರೆಗಳು ವೈದ್ಯರಿಗೆ ಅರ್ಧ ವಿಷಯ ಹೇಳಿಬಿಡುತ್ತವೆ. ಹೇಗೆ ಶುರುಮಾಡುವುದು ಎಂದು ತೋಚದಿದ್ದರೆ ಇಷ್ಟು ಹೇಳಿ: ‘ನನ್ನ ಎದೆ ಬಗ್ಗೆ ದಿನಕ್ಕೆ ಎರಡು ಗಂಟೆ ಯೋಚಿಸ್ತೀನಿ, ಅದಕ್ಕೇ ಕೆಲಸಕ್ಕೆ ಹೋಗ್ತಿಲ್ಲ.’ ನಿದ್ದೆ ಬರಲ್ಲ, ಸುಸ್ತು ಎಂದು ಸುತ್ತುಬಳಸಿ ಹೇಳಿದರೆ ವಿಟಮಿನ್ ಮಾತ್ರೆ ಹಿಡಿದು ಮನೆಗೆ ಬರುತ್ತೀರಿ. ಔಷಧ ಕೊಟ್ಟರೆ ಗುಣ ಕಾಣಲು 6ರಿಂದ 12 ವಾರ ಬೇಕು, ಎರಡನೇ ವಾರಕ್ಕೆ ಬಿಡಬೇಡಿ.

ಬದುಕು ಬೇಡ ಅನ್ನಿಸಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೈಯಲ್ಲಿ ಆಗಲೇ ಏನಾದರೂ ಹಿಡಿದಿದ್ದರೆ ಅದನ್ನು ಮನೆಯವರಿಗೆ ಕೊಟ್ಟು, ಅವರನ್ನು ಕರೆದುಕೊಂಡು ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.